ಆ ಮೂರು ಬೆರಳು ನನ್ನವು

ಸಂಶೋಧನಾ ಪರಿಶೀಲನಾ ಸಮಿತಿಯ ಅಧ್ಯಕ್ಷರೇ,

ನನ್ನ ಮಗಳು ಕಳ್ಳಿಯಲ್ಲ. ಹೊಲಿಗೆ ಕಸುಬಿನ ಬಗ್ಗೆ ಅವಳು ಬರೆದ ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯ ತಮ್ಮ ಗ್ರಂಥಾಲಯದ ಒಂದು ಪುಸ್ತಕದಿಂದ ಮಾಡಿದ ಕೃತಿಚೌರ್ಯವೆಂದು ತಾವು ತೀರ್ಮಾನಿಸಿದ್ದೀರಿ. ತಪ್ಪೊಪ್ಪಿಗೆಗೆ ಸಹಿ ಹಾಕಿ, ಅಡಿಟಿಪ್ಪಣಿಗಳಲ್ಲಿರುವ ನನ್ನ ಹೆಸರು ತೆಗೆದು, ಅಲ್ಲೆಲ್ಲ ಆ ಪುಸ್ತಕವನ್ನು ನಮೂದಿಸಿದರೆ ಮಾತ್ರ ಪದವಿಯಂತೆ. ಗಡುವು ಸೋಮವಾರ. "ತಾಯಿಯ ಮಾತು ಅಧಿಕೃತ ಆಕರವಾಗದು" ಎಂಬ ತಮ್ಮ ಸಾಲು ಓದಿದ ದಿನ ನಾನು ಒಂದು ಕಾಲರನ್ನು ತಿರುಗುಮುರುಗಾಗಿ ಹೊಲಿದೆ. ಮೂವತ್ತು ವರ್ಷದಲ್ಲಿ ಅದೇ ಮೊದಲು.

ಆ ಪುಸ್ತಕ ನನಗೆ ಗೊತ್ತು. ಹನ್ನೆರಡು ವರ್ಷದ ಹಿಂದೆ ಅದರ ಲೇಖಕರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಮೂರು ದಿನ ಕೂತಿದ್ದರು. ನಾನು ಬಟ್ಟೆ ಕತ್ತರಿಸುತ್ತಾ ಹೇಳಿದೆ, ಅವರು ಬರೆದುಕೊಂಡರು. "ನಿಮ್ಮ ಹೆಸರು ಹಾಕ್ದೆ ಇರ್ತೀನಾ ಅಕ್ಕಾ?" ಅಂದಿದ್ದರು. ಹಾಕಿದ್ದು ಮಾತ್ರ "ಪಾರಂಪರಿಕ ದರ್ಜಿಗಳು ಹೇಳುವಂತೆ" ಎಂದು. ಹೆಸರು ಹೋದರೂ ಬಹುವಚನದ ಮರ್ಯಾದೆ ಸಿಕ್ಕಿತಲ್ಲ, ದೊಡ್ಡ ಮನಸ್ಸು!

ಪುರಾವೆ ಬೇಕೆ? ಅದೇ ಪುಸ್ತಕದಲ್ಲಿದೆ. ಬೆನ್ನು ಬಾಗಿದವರ ಅಂಗಿಗೆ ಹಿಂಭಾಗದಲ್ಲಿ ಮೂರು ಬೆರಳಗಲ ಬಟ್ಟೆ ಹೆಚ್ಚು ಬಿಡುವುದು ದರ್ಜಿಗಳ ಸಂಪ್ರದಾಯವಂತೆ. ನಮ್ಮ ಬೀದಿಯ ಯಾವ ದರ್ಜಿಯನ್ನಾದರೂ ಕೇಳಿ, ಎಲ್ಲರೂ ಬಿಡುವುದು ಎರಡು ಬೆರಳು. ನನ್ನ ಬೆರಳುಗಳು ಕಡ್ಡಿಯಂತಿವೆ, ಎರಡು ಸಾಲದು, ಅದಕ್ಕೇ ಮೂರು. ಪಕ್ಕದಂಗಡಿಯವರು ಇವತ್ತಿಗೂ "ಏನ್ ಮೂರ್ ಬೆರಳಮ್ಮಾ, ಊಟ ಆಯ್ತಾ?" ಎಂದು ರೇಗಿಸುತ್ತಾರೆ. ಲೇಖಕರು ಅಳತೆಯನ್ನು ಒಯ್ದರು, ಕೈ ನೋಡಲಿಲ್ಲ. ನನ್ನ ಮಗಳು ನೋಡಿದಳು. ತಾಯಿಯ ಬೆರಳು ಸಣ್ಣ, ಆದ್ದರಿಂದ ಮೂರು ಎಂದು ಬರೆದು, ನಾನು ಯಾವ ದಿನ ಹೇಳಿದೆನೆಂದು ತಾರೀಖು ಸಮೇತ ಅಡಿಯಲ್ಲಿ ಕೊಟ್ಟಳು. ಇಬ್ಬರಲ್ಲಿ ಕದ್ದವರು ಯಾರು? ತಮ್ಮ ಕಂಪ್ಯೂಟರು ಅವಳ ಅಧ್ಯಾಯವನ್ನೂ ಆ ಪುಸ್ತಕವನ್ನೂ ಸಾಲಿಗೆ ಸಾಲು ಹೊಂದಿಸಿ ನೋಡಿತು, ಅದರ ಕೆಲಸ ಅಷ್ಟೇ. ಅಡಿಟಿಪ್ಪಣಿ ಓದಲು ತಮಗೇನಾಗಿತ್ತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಪರಿಶೀಲನೆ ಎನ್ನುತ್ತಾರೆಯೆ?

ಮೊನ್ನೆ ಮಗಳು ತಪ್ಪೊಪ್ಪಿಗೆಯ ಕಾಗದ ಹಿಡಿದು ಅಂಗಡಿಗೆ ಬಂದಳು. "ಸಹಿ ಹಾಕ್ಬಿಡ್ತೀನಮ್ಮ. ಐದು ವರ್ಷ ಆಯ್ತು, ಸಾಕಾಗಿದೆ ನಂಗೆ" ಅಂದಳು. ಅವಳ ಬಾಳಿಗೆ ನಾನೇಕೆ ಅಡ್ಡ ಬರಲಿ ಎಂದು "ಹಾಕಮ್ಮ, ನಂಗೇನೂ ಬೇಜಾರಿಲ್ಲ" ಅಂದೆ. ಅವಳು ಪೆನ್ನು ತೆಗೆದು, ಸಹಿಯ ಜಾಗದಲ್ಲಿ "ನಾನು ಕದ್ದಿಲ್ಲ" ಎಂದು ಬರೆದಳು. ಆ ಕಾಗದ ಇದರೊಂದಿಗಿದೆ.

ನನ್ನ ಬೇಡಿಕೆ ಕೇಳಿ. ಅಡಿಟಿಪ್ಪಣಿಗಳು ಇದ್ದಂತೆಯೇ ಇರಲಿ, ಅವಳಿಗೆ ಪದವಿ ಕೊಡಿ. ಆ ಪುಸ್ತಕದಲ್ಲೂ ನನ್ನ ಹೆಸರು ಬರಲಿ. ಒಪ್ಪಿಗೆಯಿಲ್ಲವೆ? ಸೋಮವಾರ ನಾನೇ ಬಟ್ಟೆ, ಕತ್ತರಿ ತರುತ್ತೇನೆ. ಲೇಖಕರನ್ನು ಕರೆಸಿ. ಅವರು ಬರೆದಂತೆಯೇ, ಅವರ ದಪ್ಪ ಬೆರಳಿನಲ್ಲೇ ಮೂರು ಅಳೆದು, ಒಂದು ಅಂಗಿ ಕತ್ತರಿಸಲಿ. ನಾನು ಹೊಲಿದು ಕೊಡುತ್ತೇನೆ. ಅದನ್ನು ತೊಟ್ಟುಕೊಂಡು ತಾವು ತೀರ್ಪು ಬರೆಯಿರಿ.

ಇಂತಿ,
ತಮ್ಮ ಲೆಕ್ಕದಲ್ಲಿ ಆಕರವಾಗದ,
ಅವಳ ತಾಯಿ