ರೊಟ್ಟಿ ತಿರುಗಿ ಬಂತು, ಜಂಗ್ಲಿಸಾಬ್ ಬರಲಿಲ್ಲ

ಮಸ್ಕಿ, 12 ನವೆಂಬರ್ 1937. ನಮ್ಮೂರಿನ ಜಂಗ್ಲಿಸಾಬ್, ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವವನು, ಬಾಯ್ಲರಿನ ಉಗಿಗೆ ಎರಡೂ ಕಾಲು ಸುಟ್ಟುಕೊಂಡು ಮಾರ್ಸೇಲ್ಸ್ ಬಂದರಿನ ಯಾವುದೋ ಆಸ್ಪತ್ರೆಯಲ್ಲಿದ್ದಾನೆಂದು ಅವನ ಜೊತೆಗಾರನೊಬ್ಬ ತಿಳಿಸಿದ್ದಾನೆ. ಹಡಗು ಅವನನ್ನು ಇಳಿಸಿ ಮುಂದೆ ಹೋಗಿದೆ.

ಹಡಗು ನೌಕರರನ್ನು ಭರ್ತಿ ಮಾಡುವ ಬಂದರು ಕಚೇರಿಯ ಮಾನ್ಯ ಅಧಿಕಾರಿಗಳೇ,

ಅವನನ್ನು ಮನೆಗೆ ಕಳಿಸುವುದು ನಿಮ್ಮ ಕೆಲಸ. ನೀವು ಮಾಡಿಲ್ಲ. ಹೀಗೆ ಹೇಳಲು ನಾನು ಯಾರೆಂದು ಕೇಳಬಹುದು. ಸಮುದ್ರದ ಬಗ್ಗೆ ನನಗಿರುವ ಜ್ಞಾನವೆಲ್ಲ ಅನುವಾದಗೊಂಡ ಕಾದಂಬರಿಗಳದ್ದು. ಮಸ್ಕಿ ಹಳ್ಳ ದಾಟುವಾಗಲೂ ಪಕ್ಕದವರ ಹೆಗಲು ಹಿಡಿಯುವವನು ನಾನು. ಆದರೂ ಊರಿಗೆ ನಾನೇ ಸಮುದ್ರತಜ್ಞ. ಆದ್ದರಿಂದ ಅವನ ತಾಯಿ ಕರೀಮಾಬಿ ಸಜ್ಜೆಯ ಕಟಕ ರೊಟ್ಟಿಯ ಗಂಟು ಹೊತ್ತು ನನ್ನಲ್ಲಿಗೇ ಬಂದಳು. ದೂರ ಹೋದವರಿಗೆ ಒಣ ರೊಟ್ಟಿ ಕಳಿಸುವುದು ಇಲ್ಲಿಯ ರೂಢಿ; ತಿಂಗಳುಗಟ್ಟಲೆ ಕೆಡುವುದಿಲ್ಲ. ವಿಳಾಸ ಬರೆಯುವುದು ನನ್ನ ಪಾಲಿಗೆ ಬಂತು. ನಾನು ಓದಿದ ಕಾದಂಬರಿಗಳಲ್ಲಿ ಯಾವ ಕಪ್ತಾನನೂ ಗಾಯಗೊಂಡ ನಾವಿಕನನ್ನು ಕೈಬಿಡುವುದಿಲ್ಲ. ಆಸ್ಪತ್ರೆಯ ಹೆಸರು ಗೊತ್ತಿರಲಿಲ್ಲವಾದ್ದರಿಂದ, ಕಪ್ತಾನನೇ ಮುಟ್ಟಿಸುತ್ತಾನೆಂದು ಧೈರ್ಯವಾಗಿ ಹಡಗಿನ ಹೆಸರನ್ನೇ ಬರೆದೆ.

“ಈ ಹೆಸರಿನವರು ಹಡಗಿನಲ್ಲಿಲ್ಲ” ಎಂಬ ಮುದ್ರೆಯೊಡನೆ ಗಂಟು ತಿರುಗಿ ಬಂತು. ಕರೀಮಾಬಿ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು.

“ಇನ್ನಾ ಗರಿಗರಿ ಅದಾವ್ರೀ ಮಾಸ್ತರ. ಇವು ಅಷ್ಟು ದೂರ ಹೋಗಿ ಬಂದಾವ. ಅವಂಗ್ಯಾಕ ಬರಾಕ ಆಗವಲ್ದು?”

ನಾನು ಕಾದಂಬರಿಗಳನ್ನು ಬದಿಗಿಟ್ಟು ಕಾಗದ ತೆಗೆದೆ. ನಿಮ್ಮನ್ನು ಕೇಳಿದೆ. ಹಡಗಿನಿಂದ ಇಳಿದೊಡನೆ ಅವನ ಕರಾರು ಮುಗಿಯಿತು, ಆತ ನಿಜಾಮರ ಪ್ರಜೆ, ಬ್ರಿಟಿಷ್ ಸರ್ಕಾರದವನಲ್ಲ, ಅಲ್ಲಿ ವಿಚಾರಿಸಿ ಎಂದಿರಿ. ವಿಚಾರಿಸಿದೆವು. ಲಿಂಗಸುಗೂರಿನ ತಹಶೀಲ್ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ಪೇಶಕಾರರು ಅದನ್ನು ಓದಿ ನಕ್ಕರು.

“ನಮ್ಮ ಸರ್ಕಾರದಾಗ ಸಮುದ್ರನ ಇಲ್ಲ, ಹಡಗಿನ ಅರ್ಜಿ ಹಿಡ್ಕೊಂಡು ಬಂದೀರಲ್ರೀ ಮಾಸ್ತರ! ನಾಳೆ ಚಂದ್ರನ ಮ್ಯಾಲಿನ ಹೊಲಕ್ಕ ಪಟ್ಟಾ ಕೇಳ್ತೀರೇನು?”

“ಸಮುದ್ರ ಯಾರಿಗೆ ಬೇಕಾಗೇದ್ರೀ ಸಾಹೇಬ್ರ,” ಎಂದಳು ಕರೀಮಾಬಿ. “ಅದು ಎಲ್ಲಿ ಐತೋ ಅಲ್ಲೇ ಇರ್ಲಿ. ನನ್ನ ಮಗನ್ನ ಕರಸ್ರಿ.”

ಪೇಶಕಾರರು ನಗು ನಿಲ್ಲಿಸಿದರು. ಅರ್ಜಿಯನ್ನಂತೂ ತೆಗೆದುಕೊಳ್ಳಲಿಲ್ಲ. ನಾನು, ತಜ್ಞ, ಅದನ್ನು ಮಡಿಚಿ ಜೇಬಿಗಿಟ್ಟುಕೊಂಡೆ.

ಮಾನ್ಯರೇ, ತಲುಪದ ಗಂಟನ್ನು ಕಳಿಸಿದವರಿಗೆ ಮರಳಿಸಬೇಕೆಂದು ದೇಶದೇಶಗಳು ಒಪ್ಪಂದ ಮಾಡಿಕೊಂಡಿವೆ. ಅದನ್ನು ಪಾಲಿಸುತ್ತಲೂ ಇವೆ. ಸಾಕ್ಷಿ ನಮ್ಮ ರೊಟ್ಟಿ. ಪರದೇಶದ ಬಂದರಿನಲ್ಲಿ ಇಳಿಸಿದ ನಾವಿಕನನ್ನು ಊರಿಗೆ ಮುಟ್ಟಿಸಬೇಕೆಂದೂ ಹನ್ನೊಂದು ವರ್ಷಗಳ ಹಿಂದೆ ಜಿನೀವಾದಲ್ಲಿ ಒಪ್ಪಂದವಾಗಿದೆ. ಅದನ್ನು ನಿಮ್ಮ ಸರ್ಕಾರ ಇನ್ನೂ ಒಪ್ಪಿಲ್ಲವಂತೆ. ಕಲ್ಲಿದ್ದಲು ಎತ್ತುವಾಗ ಜಂಗ್ಲಿಸಾಬ್ ಯಾರ ಪ್ರಜೆಯೆಂದು ಯಾರೂ ಕೇಳಲಿಲ್ಲ. ಕಾಲು ಬೆಂದ ಮೇಲೆ ಏಕೆ ನೆನಪಾಯಿತು? ಸಜ್ಜೆ ರೊಟ್ಟಿಗಿರುವ ಹಕ್ಕು ಅದನ್ನು ತಿನ್ನುವವನಿಗೆ ಇಲ್ಲವೇ?

ಅವನು ಯಾವ ಆಸ್ಪತ್ರೆಯಲ್ಲಿದ್ದಾನೆಂದು ತಿಳಿಸಿ. ಹಡಗಿನ ಒಡೆಯರ ಖರ್ಚಿನಲ್ಲಿ ಮನೆಗೆ ಕರೆಸಿ. ಕೃಪೆಯೆಂದಲ್ಲ, ಅವನಿಗೆ ಸಲ್ಲಬೇಕಾದದ್ದೆಂದು ಮಾಡಿ.

ಈ ಪತ್ರವನ್ನು ಓದಿ ಹೇಳಿದಾಗ ಕರೀಮಾಬಿಗೆ ಸಮಾಧಾನವಾಗಲಿಲ್ಲ. “ಬರೆದದ್ದು ಸಾಕಾತ್ರೀ. ಏಳ್ರಿ, ಹೋಗೂಣು” ಎಂದಳು. ರಾಯಚೂರಿನಲ್ಲಿ ರೈಲು ಹತ್ತಿ ಬಂದು, ಅವನು ಬರುವತನಕ ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂಡುವುದೆಂದು ಇಬ್ಬರೂ ತೀರ್ಮಾನಿಸಿದ್ದೇವೆ. ಇನ್ನೂ ಹೊರಟಿಲ್ಲ.

ಇಂತಿ,
ಊರು ಬಿಟ್ಟರೆ ನಿದ್ದೆ ಬಾರದ ಒಬ್ಬ ಶಾಲಾ ಮಾಸ್ತರ