ಒಂದನ್ನು ಒತ್ತುವವರೆಗೆ

ಮಾರ್ಚ್ ಹದಿನಾಲ್ಕು, ಮಂಗಳವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ದೊಡ್ಡವಳ ನಮಸ್ಕಾರ. ಕಾಗದ ತಡವಾಯಿತೆಂದು ಮುನಿಸಿಕೊಳ್ಳಬೇಡ. ಸೇಡು ತೀರಿಸಿಕೊಳ್ಳುವ ಗಡಿಬಿಡಿಯಲ್ಲಿ ಪುರಸೊತ್ತಾಗಲಿಲ್ಲ. ನಿನ್ನ ಮಂಡಿನೋವು ಹೇಗಿದೆ?

ಅಪಾಯದ ಲಕ್ಷಣಗಳನ್ನು ತಿಳಿಸಲು ನಮ್ಮ ಆಸ್ಪತ್ರೆಯಿಂದ ಬಸುರಿಯರ ಮನೆಗೆ ಹೋಗುವ ಫೋನ್ ಕರೆಗಳಲ್ಲಿರುವುದು ರೆಕಾರ್ಡ್ ಮಾಡಿಟ್ಟ ನನ್ನ ದನಿ ಎಂದು ನಿನಗೆ ಗೊತ್ತೇ ಇದೆ. ಚಿನ್ನಿ ಬಸುರಿಯಾಗಿದ್ದಾಗ ಆ ಕರೆ ಅವಳ ಗಂಡನ ಫೋನಿಗೆ ಹೋಗುತ್ತಿತ್ತು, ಮನೆಗಿದ್ದದ್ದು ಅದೊಂದೇ. ಆ ದರ್ಜಿ ನಮ್ಮ ನಂಬರನ್ನೇ ಬ್ಲಾಕ್ ಮಾಡಿಟ್ಟಿದ್ದ. ಕಾಲು ಊದಿ, ತಲೆ ಸಿಡಿದು, ಫಿಟ್ಸ್ ಬಂದು ನನ್ನ ತಂಗಿ ಹೋದಳು. ನನ್ನ ಹೊಟ್ಟೆಯ ಉರಿ ಇನ್ನೂ ಆರಿಲ್ಲ.

ಅವನು ಮತ್ತೆ ಮದುವೆಯಾದ. ಹೊಸ ಹೆಂಡತಿ ನಮ್ಮಲ್ಲಿ ಹೆಸರು ಬರೆಸಲು ಬಂದಳು, ಪಾಪದ ಹುಡುಗಿ. ಅವಳಿಗೆ ಅವಳದೇ ಫೋನ್ ಇತ್ತು. ಆದರೂ ಅವಳನ್ನು ಕೇಳಿ ಅವನ ಅಂಗಡಿಯ ನಂಬರನ್ನೂ ಸೇರಿಸಿದೆ. ಈಗ ಹೊಸ ಏರ್ಪಾಡು: ಕೊನೆವರೆಗೆ ಕೇಳಿ ಒಂದನ್ನು ಒತ್ತದಿದ್ದರೆ ಕರೆ ಬೇರೆ ನಂಬರಿನಿಂದ ಮತ್ತೆ ಬರುತ್ತದೆ. ಹಟ ಹಿಡಿದು ಅದನ್ನು ಮಾಡಿಸಿದವಳು ನಾನೇ. ಗಿರಾಕಿಗಳು ತುಂಬಿರುವ ಸಂಜೆಯ ಹೊತ್ತನ್ನೇ ಆರಿಸಿದೆ. ಅವನ ಕೈಯಲ್ಲಿ ಕತ್ತರಿ, ಫೋನ್ ಸ್ಪೀಕರಿನಲ್ಲಿ. "ಕಾಲು ಊದಿದ್ಯಾ? ಕಣ್ಣು ಮಂಜಾಗ್ತಿದ್ಯಾ? ತಡ ಮಾಡ್ಬೇಡಿ!" ಎಂದು ಅಂಗಡಿ ತುಂಬ ನಾನು. "ಏನಪ್ಪಾ ದರ್ಜಿ, ಊದಿರೋದು ನಿನ್ ಕಾಲಾ?" ಎಂದು ಗಿರಾಕಿಗಳು ಕಿಚಾಯಿಸುತ್ತಿದ್ದರಂತೆ. ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು.

ಮೊನ್ನೆ ಅದೇ ಲಕ್ಷಣ ಕಂಡು ಹೆಂಡತಿಯನ್ನು ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ಓಡಿಬಂದ. ತಾಯಿ ಮಗು ಇಬ್ಬರೂ ಉಳಿದರು, ಹೆಣ್ಣು ಮಗು. ಅದನ್ನು ಕೂಡಲೇ ಅವನ ಕೈಗೆ ಕೊಡಲಿಲ್ಲ. "ಮೊದ್ಲು ಆ ಲಕ್ಷಣಗಳನ್ನ ಬಾಯಿಬಿಟ್ಟು ಹೇಳು" ಎಂದೆ. ವರಾಂಡದಲ್ಲಿ ಎಲ್ಲರೆದುರು ಒಂದೂ ತಪ್ಪಿಲ್ಲದೆ ಒಪ್ಪಿಸಿದ. ಅಳುತ್ತಿದ್ದ. ಅಳಲಿ.

ಔಷಧಿ ಬಿಡಬೇಡ. ನಿನ್ನ ಆಶೀರ್ವಾದ ಆ ಮಗುವಿಗೂ ಇರಲಿ, ಅದೇನು ತಪ್ಪು ಮಾಡಿದೆ?

ನಿನ್ನ
ದೊಡ್ಡವಳು

ತಾ.ಕ.: ಮಗುವನ್ನು ಎತ್ತಿಕೊಂಡ ಮೇಲೆ ಅವನು ಮೆಲ್ಲಗೆ ಹೇಳಿದ: "ಅಕ್ಕಾ, ಅವತ್ತು ಬ್ಲಾಕ್ ಮಾಡಿದ್ದು ನಾನಲ್ಲ. ಚಿನ್ನೀನೇ ಫೋನ್ ಕಿತ್ಕೊಂಡು ಮಾಡಿದ್ಲು. 'ಹುಟ್ಟಿದಾಗ್ಲಿಂದ ಅಕ್ಕನ ಬೈಗುಳ ಕೇಳಿ ಸಾಕಾಗಿದೆ, ಇಲ್ಲಾದ್ರೂ ನೆಮ್ಮದಿಯಾಗಿರ್ತೀನಿ' ಅಂತ ನಕ್ಕಿದ್ಲು. ಸತ್ತವಳ ಮೇಲೆ ತಪ್ಪು ಯಾಕೆ ಹಾಕ್ಲಿ ಅಂತ ಸುಮ್ನಿದ್ದೆ." ಅಮ್ಮಾ, ನಮ್ಮಿಬ್ಬರನ್ನೂ ಹೆತ್ತವಳು ನೀನು. ಅವನು ಹೇಳಿದ್ದು ಸುಳ್ಳು ಎಂದು ಒಂದು ಸಾಲು ಬರೆ.