ಸೆಕೆಂಡ್ ಬೇಸ್ ಕಡೆ ಎಸೆಯದ ಚೆಂಡು

ಆಗಸ್ಟ್ 17, ಭಾನುವಾರ. ಬೆಳಿಗ್ಗೆ 9.10

ಮತ್ತೆ ಅದೇ ಗೋಳು. ಹೈಟೆನ್ಷನ್ ಲೈನ್ ಕೆಳಗೆ ಹೋದ ತಕ್ಷಣ ಸೈಕಲ್ ಮೀಟರ್ 88 ತೋರಿಸಿತು. ಗಂಟೆಗೆ ಎಂಬತ್ತೆಂಟು ಕಿಲೋಮೀಟರ್ — ನಲವತ್ತೇಳು ವರ್ಷದ, ಮಂಡಿಗೆ ಪಟ್ಟಿ ಕಟ್ಟಿದ ನಾನು! ಆಮೇಲೆ ಸೊನ್ನೆ. ಚಕ್ರದ ಕಡ್ಡಿಗೆ ಕಟ್ಟಿದ ಮ್ಯಾಗ್ನೆಟ್ ಸರಿಸಿದ್ದಾಯಿತು, ಸೆಲ್ ಬದಲಾಯಿಸಿದ್ದಾಯಿತು.

ಇನ್ನೊಂದು ತರಲೆ. ಮುಳಬಾಗಿಲಿನಿಂದ ಹೊರಟು ಹೈವೇ ಕಲ್ಲಿನ ಲೆಕ್ಕಕ್ಕೆ ಇಪ್ಪತ್ತು ಕಿಲೋಮೀಟರ್ ಆದಾಗ ಮೀಟರ್ ಇಪ್ಪತ್ತೆರಡೂವರೆ ಅನ್ನುತ್ತದೆ. ಕಲ್ಲು ನೆಟ್ಟವರು ಅಳತೆ ತಪ್ಪಿದ್ದಾರೆ. ಶ್ರೀಪ್ರಿಯಾಗೂ ಅದನ್ನೇ ಹೇಳಿದೆ.

"ಇಡೀ ಹೈವೇ ತಪ್ಪು, ನಿಮ್ಮ ಬೆಂಕಿಪೊಟ್ಟಣದಷ್ಟು ಮೀಟರ್ ಸರಿ. ಅಲ್ವಾ?" ಅಂದು ಕಾಫಿ ಇಟ್ಟು ಹೋದಳು. ಹೆಂಡತಿಗೆ ಏನು ಗೊತ್ತು. ಪಿ.ಟಿ. ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ 45 ಕಿ.ಮೀ. ಅಂತ ಫೋಟೊ ಹಾಕಿದೆ. ಹದಿನೆಂಟು ಹೆಬ್ಬೆರಳು ಬಂದವು.

ಬುಧವಾರ ಕೋಲಾರದಲ್ಲಿ ಹೈಸ್ಕೂಲ್ ಹುಡುಗಿಯರ ಬೇಸ್‌ಬಾಲ್ ಫೈನಲ್. ಅಂಪೈರ್ ನಾನೇ. ಎರಡು ದಿನದ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಇರುವವನು ಇನ್ಯಾರಿದ್ದಾನೆ?

ಆಗಸ್ಟ್ 20, ಬುಧವಾರ. ಸಂಜೆ 6

ತಲೆ ಬಿಸಿ. ಯಲ್ದೂರು, ಮಾಲೂರು ತಂಡಗಳು ಆರು–ಆರು ಸಮ. ಕೊನೆಯ ಇನ್ನಿಂಗ್ಸ್. ಮಾಲೂರಿನ ಇಬ್ಬರು ಓಟಗಾರ್ತಿಯರು, ಒಬ್ಬಳು ಸೆಕೆಂಡ್ ಬೇಸಿನಲ್ಲಿ, ಒಬ್ಬಳು ಥರ್ಡ್ ಬೇಸಿನಲ್ಲಿ. ಚೆಂಡು ಎಸೆಯುತ್ತಿದ್ದವಳು ಯಲ್ದೂರಿನ ರಮ್ಯ, ಹತ್ತನೇ ಕ್ಲಾಸು. ಸೆಕೆಂಡ್ ಬೇಸ್ ಕಡೆ ತಿರುಗಿ ಕಾಲಿಟ್ಟಳು, ಎಸೆಯುವ ಹಾಗೆ ಕೈ ಬೀಸಿದಳು... ಎಸೆಯಲಿಲ್ಲ. ಎಸೆಯುವ ಹಾಗೆ ನಟಿಸಿ ಎಸೆಯದಿದ್ದರೆ ಅದು ಬಾಲ್ಕ್. ದಂಡವಾಗಿ ಎದುರು ತಂಡದ ಓಟಗಾರ್ತಿಯರೆಲ್ಲ ಒಂದೊಂದು ಬೇಸ್ ಮುಂದೆ. ಕೂಗಿದೆ. ಥರ್ಡ್ ಬೇಸಿನಲ್ಲಿದ್ದವಳು ಹೋಮ್ ಬೇಸ್ ಮುಟ್ಟಿದಳು, ಒಂದು ರನ್. ಮಾಲೂರು ಗೆದ್ದಿತು.

ರಮ್ಯ ಓಡಿ ಬಂದಳು. "ಸಾರ್, ಸೆಕೆಂಡ್ ಬೇಸ್ ಕಡೆ ಹಂಗ್ ಮಾಡ್ಬೋದು ಸಾರ್. ರೂಲ್ಸಲ್ಲೈತೆ."

"ನಂಗೇ ರೂಲ್ಸ್ ಹೇಳ್ಕೊಡ್ತೀಯಾ?"

"ಅಲ್ಲ ಸಾರ್... ಒಂದ್ಸಲ ಬುಕ್ ನೋಡಿ ಸಾರ್."

ಅಷ್ಟು ಜನರೆದುರು ಬುಕ್ ನೋಡು ಅನ್ನುತ್ತಾಳೆ! ಸ್ಕೋರ್ ಶೀಟಿನಲ್ಲಿ ಷರಾ ಬರೆದೆ: ಅಶಿಸ್ತು, ಅಂಪೈರ್ ಜೊತೆ ವಾಗ್ವಾದ. ಕೆಂಪು ಪೆನ್ನಿನಲ್ಲಿ ಅಡಿಗೆರೆ. ಅವಳ ಪಿ.ಟಿ. ಮೇಷ್ಟ್ರು ಕದಿರೇಶ್, ನನ್ನ ಜೊತೆ ಬಿ.ಪಿ.ಎಡ್. ಓದಿದವನು, ತುಟಿ ಪಿಟಕ್ ಅನ್ನಲಿಲ್ಲ. ರೂಲ್ಸ್ ವಿಷಯದಲ್ಲಿ ನಾನು ಹೇಳಿದ್ದೇ ಅವನಿಗೆ ವೇದ.

ಆಗಸ್ಟ್ 24, ಭಾನುವಾರ. ಮಧ್ಯಾಹ್ನ

ಮೀಟರ್ ಜೊತೆ ಬಂದಿದ್ದ ಕಾಗದ ಸಿಕ್ಕಿತು. ಇರುವೆ ಸಾಲಿನಂಥ ಅಕ್ಷರ. ಕೊನೆಗೂ ಓದಿದೆ. ಚಕ್ರದ ಅಳತೆ ನಾವೇ ತುಂಬಬೇಕಂತೆ. ನಾನು ತುಂಬಿದ್ದು ಇಪ್ಪತ್ತೊಂಬತ್ತು ಇಂಚಿನದು. ನನ್ನ ಸೈಕಲ್ಲಿನ ಚಕ್ರ ಇಪ್ಪತ್ತಾರು. ವೈರ್ ಇಲ್ಲದ ಮೀಟರಿಗೆ ಕರೆಂಟ್ ಲೈನ್ ಹತ್ತಿರ ದಿಕ್ಕು ತಪ್ಪುತ್ತದೆ, ಅದೂ ಬರೆದಿದೆ. ಕಲ್ಲುಗಳು ಸರಿ. ನನ್ನ ನಲವತ್ತೈದು ನಿಜಕ್ಕೆ ನಲವತ್ತು.

ನಗು ಬಂತು. ಅದೇ ಹುರುಪಿನಲ್ಲಿ ಮೊಬೈಲಿನಲ್ಲಿದ್ದ ಬೇಸ್‌ಬಾಲ್ ರೂಲ್ ಬುಕ್ಕನ್ನೂ ತೆರೆದೆ. ಹುಡುಗಿಯ ಬಾಯಿ ಮುಚ್ಚಿಸುವ ಸಾಲು ಸಿಕ್ಕರೆ ಕದಿರೇಶನಿಗೆ ಕಳಿಸೋಣ ಅಂತ.

ಸಿಕ್ಕಿತು. ಫಸ್ಟ್ ಅಥವಾ ಥರ್ಡ್ ಬೇಸ್ ಕಡೆ ನಟಿಸಿದರೆ ಎಸೆಯಲೇಬೇಕು. ಸೆಕೆಂಡ್ ಬೇಸಿಗೆ ಆ ಕಟ್ಟಳೆ ಇಲ್ಲ.

ನಾಲ್ಕು ಸಲ ಓದಿದೆ. ಫ್ಯಾನ್ ಕೆಳಗೆ ಬೆವರು. ಅವಳು ಹೇಳಿದ್ದೇ ಸರಿ. ಶ್ರೀಪ್ರಿಯಾ "ಯಾಕ್ರೀ, ಹುಷಾರಿಲ್ವಾ?" ಅಂದಳು. ಮೀಟರ್ ಅಂದೆ.

ಆಗಸ್ಟ್ 26, ಮಂಗಳವಾರ

ಕದಿರೇಶ್ ನಮ್ಮ ಶಾಲೆಗೆ ಬಂದಿದ್ದ. ಕೈಯಲ್ಲಿ ರಮ್ಯಳ ಕ್ಷಮಾಪಣಾ ಪತ್ರ. ಅವರ ಶಾಲೆಯ ಎಚ್.ಎಂ. ಅಪ್ಪಣೆಯಂತೆ. ಪ್ರೇಯರ್‌ನಲ್ಲಿ ಎಲ್ಲರೆದುರು ಓದಿಸಿದರಂತೆ.

"ನಾನು ಆಟದ ನಿಯಮವನ್ನು ತಪ್ಪಾಗಿ ಹೇಳಿ ಅಂಪೈರ್ ಸಾರ್ ಅವರಿಗೆ ಅಗೌರವ ತೋರಿಸಿದ್ದೇನೆ. ಸಾರ್ ಅವರ ತೀರ್ಪು ಸರಿ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ."

ದುಂಡು ಅಕ್ಷರ. ಒಂದು ಕಡೆ ಅಳಿಸಿ ಬರೆದಿದೆ.

ಆಗ ಹೇಳಬಹುದಿತ್ತು. ಸ್ಟಾಫ್ ರೂಮಿನಲ್ಲಿ ಐದು ಜನ ಇದ್ದರು. ಪೆನ್ ತೆಗೆದೆ. "ಕ್ಷಮಿಸಲಾಗಿದೆ. ಮುಂದೆ ಎಚ್ಚರವಿರಲಿ" ಅಂತ ಬರೆದು ಸಹಿ ಹಾಕಿದೆ, ದಿನಾಂಕ ಸಮೇತ. ಗೊತ್ತಿದ್ದೂ! ಥೂ.

ಸೆಪ್ಟೆಂಬರ್ 3, ಬುಧವಾರ

ಎಂಟು ದಿನ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ. ಸೈಕಲ್ ಹೊರಗೆ ತೆಗೆದಿಲ್ಲ.

ಇವತ್ತು ಕದಿರೇಶನ ಫೋನ್. ರಾಜ್ಯ ಮಟ್ಟಕ್ಕೆ ಹೋಗುವ ಜಿಲ್ಲಾ ತಂಡದಲ್ಲಿ ರಮ್ಯಳ ಹೆಸರಿಲ್ಲ. ನನ್ನ ಷರಾ ನೋಡಿ ಹೊಡೆದು ಹಾಕಿದ್ದಾರೆ. ಪಟ್ಟಿ ಒಂಬತ್ತನೇ ತಾರೀಕು ಬೆಂಗಳೂರಿಗೆ ಹೋಗುತ್ತದೆ. ಹೈಸ್ಕೂಲ್ ತಂಡಕ್ಕೆ ಅವಳಿಗೆ ಇದೇ ಕೊನೆಯ ವರ್ಷ.

ಹೇಳಿಬಿಟ್ಟೆ. ಎಲ್ಲ. ಪತ್ರಕ್ಕೆ ಸಹಿ ಹಾಕುವಾಗಲೇ ಗೊತ್ತಿತ್ತು ಅನ್ನುವುದನ್ನೂ.

ಆ ಕಡೆಯಿಂದ: "ಏಮಿರಾ ಮುಕುಂದಾ... ಆ ಮಗು ಮೂರು ದಿನ ನನ್ ಹತ್ರ ವಾದ ಮಾಡ್ತು ಕಣೋ. ಮುಕುಂದ್ ಸಾರ್ ತಪ್ಪು ಹೇಳಲ್ಲ ಅಂತ ಬೈದು ಬರೆಸ್ದೋನು ನಾನು."

ಬೈದಿದ್ದರೆ ಚೆನ್ನಾಗಿತ್ತು. ಫೋನ್ ಇಟ್ಟುಬಿಟ್ಟ.

ಸೆಪ್ಟೆಂಬರ್ 4, ಗುರುವಾರ

ಕೋಲಾರದಲ್ಲಿ ಜಿಲ್ಲಾ ತಂಡದ ಪಟ್ಟಿ ಮಾಡುವ ಆಫೀಸಿಗೆ ಹೋಗಿ ಪತ್ರ ಕೊಟ್ಟೆ: "ತಾಂತ್ರಿಕ ಕಾರಣಗಳಿಂದ ಷರಾ ಹಿಂಪಡೆಯಲಾಗಿದೆ." ಅಲ್ಲೂ ಜಾಣತನ.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ಏನ್ರೀ ತಾಂತ್ರಿಕ ಕಾರಣ? ತಪ್ಪು ಹುಡುಗೀದಾ, ನಿಮ್ದಾ? ಅದನ್ನ ಬರೀರಿ. ಅವಳ ಸ್ಕೂಲ್ ಎಚ್.ಎಂ. ಮೂಲಕ ಕಳ್ಸಿ. ಸೋಮವಾರ ಸಂಜೆಯೊಳಗೆ ಬಂದ್ರೆ ಹೆಸ್ರು ಸೇರಿಸ್ತೀನಿ."

"ಸರಿ ಸರ್" ಅಂದೆ. ಎಷ್ಟು ಸಣ್ಣಗೆ ಅಂದೆನೋ, "ಆಂ?" ಅಂದರು.

ಸೆಪ್ಟೆಂಬರ್ 5, ಶುಕ್ರವಾರ

ಶಿಕ್ಷಕರ ದಿನ. ತಾಲ್ಲೂಕಿನ ಉತ್ತಮ ದೈಹಿಕ ಶಿಕ್ಷಕ ಅಂತ ಶಾಲು ಹೊದೆಸಿದರು. ನಿಷ್ಪಕ್ಷಪಾತ ತೀರ್ಪುಗಾರ ಅಂತ ಮೈಕಿನಲ್ಲಿ ಹೇಳಿದರು. ಚಪ್ಪಾಳೆ. ನೆಲ ನೋಡುತ್ತಾ ನಿಂತೆ. ವಿನಯ ಅಂದುಕೊಂಡರು.

ಸೆಪ್ಟೆಂಬರ್ 6, ಶನಿವಾರ. ಸಂಜೆ 5

ಯಲ್ದೂರಿಗೆ ಹೋಗಿದ್ದೆ. ಬಸ್ಸಿನಲ್ಲಿ. ಶಾಲೆ ಬಿಟ್ಟಿತ್ತು. ಹಿಂದಿನ ಮಾವಿನ ತೋಪಿನ ಪಕ್ಕ ರಮ್ಯ ಚಿಕ್ಕ ಹುಡುಗಿಯರಿಗೆ ಎಸೆತ ಹೇಳಿಕೊಡುತ್ತಿದ್ದಳು. ದೂರದಿಂದಲೇ ಕೇಳಿಸಿತು: "ಸೆಕೆಂಡ್ ಬೇಸ್ ಕಡೆ ತಿರುಗಿದ್ರೆ ಎಸೀಲೇಬೇಕು ಕಣ್ರೇ. ಇಲ್ಲಾಂದ್ರೆ ಬಾಲ್ಕ್."

ನನ್ನ ತಪ್ಪು ಅವಳ ಬಾಯಲ್ಲಿ ಪಾಠವಾಗಿದೆ. ವಾಪಸ್ ಹೋಗಿಬಿಡೋಣ ಅನ್ನಿಸಿದ್ದು ನಿಜ.

ಹೋಗಿ ಹೇಳಿದೆ. ನೀನು ಹೇಳಿದ್ದೇ ಸರಿ ಕಣಮ್ಮ, ತಪ್ಪು ನಂದು ಅಂತ. ರೂಲ್ ತೋರಿಸಿದೆ. ಓದಿದಳು. ಬೆರಳಿಟ್ಟು ಮತ್ತೆ ಓದಿದಳು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ಹಂಗಾದ್ರೆ ಪ್ರೇಯರಲ್ಲಿ ನಾನ್ ಓದಿದ್ದು ಸುಳ್ಳಾ ಸಾರ್?"

"ಹೂಂ."

"ನಮ್ ತಂಗೀನೂ ಇದ್ಲು ಸಾರ್. ಎಲ್ರೂ ಇದ್ರು." ಚೆಂಡನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಳು. "ನೀವೂ ಓದ್ತೀರಾ ಸಾರ್? ಅಲ್ಲೇ?"

ಆಫೀಸಿಗೆ ಕಳಿಸ್ತೀನಲ್ಲ, ತಂಡದಲ್ಲಿ ಹೆಸರು ಬರುತ್ತೆ ಅಂದೆ.

"ಅದು ಆಫೀಸಿಗೆ ಸಾರ್" ಅಂದಳು. ಎದುರುತ್ತರದ ದನಿ ಅಲ್ಲ.

ಆ ಹುಡುಗಿಯರನ್ನೆಲ್ಲ ಕೂರಿಸಿ ರೂಲ್ ಸರಿಯಾಗಿ ಹೇಳಿಕೊಟ್ಟು ಬಂದೆ. ಓದ್ತೀನಿ ಅಂತ ಮಾತ್ರ ಬಾಯಿಗೆ ಬರಲಿಲ್ಲ.

ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ 9.35

ಯಲ್ದೂರು ಹೈಸ್ಕೂಲಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗಿಲ್ಲ. ಆಫೀಸಿನ ಪತ್ರಕ್ಕೆ ಎಚ್.ಎಂ. ಮುದ್ರೆ ಒತ್ತಿದರು. ಕದಿರೇಶ್ ಅದನ್ನು ಹಿಡಿದು ಈಗಷ್ಟೇ ಬೈಕಿನಲ್ಲಿ ಕೋಲಾರಕ್ಕೆ ಹೊರಟ. ಮುಖ ಕೊಟ್ಟು ಮಾತಾಡಲಿಲ್ಲ.

"ಪತ್ರ ಹೋಯ್ತಲ್ಲ ಸರ್, ಓದೋದೆಲ್ಲ ಯಾಕೆ? ಮಕ್ಕಳ ಮುಂದೆ ಚೆನ್ನಾಗಿರಲ್ಲ" ಅಂದರು ಎಚ್.ಎಂ.

ಅವಳು ಓದುವಾಗ ಚೆನ್ನಾಗಿತ್ತಾ ಅಂತ ಕೇಳಿದೆ. ನಾಡಗೀತೆ ಆದಮೇಲೆ ಕರೀತೀನಿ ಅಂದರು.

ನಾಡಗೀತೆ ಮುಗಿಯಿತು. ನನ್ನ ಹೆಸರು ಕೂಗುತ್ತಿದ್ದಾರೆ. ರಮ್ಯ ಹಿಂದಿನ ಸಾಲಿನಲ್ಲಿ ನಿಂತಿದ್ದಾಳೆ. ಎಲ್ಲರೂ ನನ್ನ ಕಡೆ ನೋಡುತ್ತಿದ್ದಾರೆ. ಅವಳೊಬ್ಬಳು ಮಾತ್ರ ತಲೆ ತಗ್ಗಿಸಿ — ನನ್ನ ಬದಲು ಅವಳು ಯಾಕೆ ತಗ್ಗಿಸಬೇಕು? ಓದಲು ಎದ್ದೆ.